ಸುಮ್ಮನೆ ನಿಂತ ಸೇತುವೆಗಳು

ಜರ್ಮನ್ ಭಾಷೆಯಲ್ಲಿ ‘ಸೋಡಾ ಸೇತುವೆ’ ಅಂತ ಒಂದು ಮಾತಿದೆ. ನಮ್ಮ ಗೋಲಿ ಸೋಡಾಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಸೋ ದಾ’ ಅಂದರೆ ಸುಮಾರಾಗಿ ‘ಹಾಗೇ ಸುಮ್ಮನೆ ಇಲ್ಲಿ’ ಅಂತ ಅರ್ಥ. ಸೇತುವೆ ಕಟ್ಟಿದ್ದಾರೆ, ಆದರೆ ಅದರ ಮೇಲೆ ಬರಬೇಕಿದ್ದ ರಸ್ತೆ ಬರಲೇ ಇಲ್ಲ. ಆ ಕಡೆಯಿಂದ ಯಾರೂ ಬರೋದಿಲ್ಲ, ಈ ಕಡೆಯಿಂದ ಯಾರೂ ಹೋಗೋದಿಲ್ಲ. ಸೇತುವೆ ಮಾತ್ರ ಹಾಗೇ ಸುಮ್ಮನೆ ನಿಂತಿದೆ. ಅಂಥದ್ದಕ್ಕೆ ಜರ್ಮನ್ನರು ತಮಾಷೆಗೆ ಇಟ್ಟ ಹೆಸರು ಅದು.

ಇಂಥವನ್ನು ಒಂದರ ಹಿಂದೆ ಒಂದು ನೋಡಬೇಕು ಅಂದರೆ ಜರ್ಮನಿಯ ಫುಲ್ಡಾ ಮತ್ತು ವುರ್ತ್ಸ್‌ಬುರ್ಗ್ ಊರುಗಳ ನಡುವೆ ಇರುವ ಸ್ಪೆಸ್ಸಾರ್ಟ್, ರೋನ್ ಎಂಬ ಗುಡ್ಡಗಾಡಿಗೆ ಹೋಗಬೇಕು. ಅಲ್ಲಿ ಸುಮಾರು 70 ಕಿಲೋಮೀಟರ್ ಉದ್ದಕ್ಕೆ ಒಂದು ಹೆದ್ದಾರಿಯ ಅಸ್ಥಿಪಂಜರ ಬಿದ್ದಿದೆ. ಹಿಟ್ಲರನ ಕಾಲದ ನಕ್ಷೆಯಲ್ಲಿ ಅದರ ಹೆಸರು ‘ಮಾರ್ಗ 46’. 1937ರಲ್ಲಿ ಕೆಲಸ ಶುರುವಾಯಿತು. 1939ರಲ್ಲಿ ಯುದ್ಧ ಶುರುವಾದ ಮೇಲೆ ನಿಂತುಹೋಯಿತು. ಆ ಎರಡು ವರ್ಷದಲ್ಲಿ ಗುಡ್ಡ ಕಡಿದು, ತಗ್ಗು ತುಂಬಿಸಿ, ಮಣ್ಣಿನ ಏರಿ ಹಾಕಿ, ಹಳ್ಳಕ್ಕೆ ಮೋರಿ ಇಟ್ಟು, ಹಳ್ಳಿಯವರ ಬಂಡಿ ದಾಟೋದಕ್ಕೆ ಕೆಳಸೇತುವೆ ಕಟ್ಟಿದ್ದರು. ವಾಹನ ಓಡುವ ಹಂತಕ್ಕೆ ಮಾತ್ರ ಅದು ಬರಲೇ ಇಲ್ಲ.

ಯುದ್ಧ ಮುಗಿದು ಜರ್ಮನಿ ಮತ್ತೆ ರಸ್ತೆ ಕಟ್ಟೋಕೆ ಕೂತಾಗ ಹೊಸ ದಾರಿ ಹಳೆಯ ಜಾಡು ಬಿಟ್ಟು ಪೂರ್ವಕ್ಕೆ ಸರಿಯಿತು. ಅರವತ್ತರ ದಶಕದಲ್ಲಿ ಈ ಭಾಗದಲ್ಲಿ ಮುಗಿದ ಆ ರಸ್ತೆಯೇ ಇವತ್ತಿನ ಎ7. ಡೆನ್ಮಾರ್ಕ್ ಗಡಿಯಿಂದ ಆಸ್ಟ್ರಿಯಾ ಗಡಿಯ ತನಕ 960 ಕಿಲೋಮೀಟರ್‌ಗೂ ಉದ್ದ, ಜರ್ಮನಿಯ ಅತಿ ಉದ್ದದ ಆಟೋಬಾನ್. ಅದರಲ್ಲಿ ಹಗಲು ರಾತ್ರಿ ಲಾರಿ ಓಡುತ್ತಿರುತ್ತವೆ. ಹಳೆಯ ಮಾರ್ಗ 46ರ ಏರಿ ಮೇಲೆ ಮರ ಬೆಳೆದವು. ಕೆಲವು ಸೇತುವೆಗಳ ಕೆಳಗೆ ಕಾಡುದಾರಿ ಹಾದುಹೋಗುತ್ತದೆ, ಕೆಲವು ಮೋರಿಗಳಲ್ಲಿ ಈಗಲೂ ನೀರು ಹರಿಯುತ್ತದೆ. 2003ರಲ್ಲಿ ಈ ಉಳಿಕೆಗಳ ಒಂದು ಭಾಗವನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಿದರು.

ನನ್ನನ್ನು ಹಿಡಿದು ನಿಲ್ಲಿಸೋದು ಈ ಕೊನೆಯ ಸಾಲು. ಸ್ಮಾರಕ ಅಂತ ಯಾವುದನ್ನು ಕರೀತೀವಿ? ನಮಗೆ ಹೆಮ್ಮೆ ಅನಿಸಿದ್ದನ್ನು, ಇಲ್ಲಾ ದುಃಖ ಕೊಟ್ಟಿದ್ದನ್ನು. ಈ ರಸ್ತೆ ಎರಡೂ ಅಲ್ಲ. ಇಲ್ಲಿ ಯುದ್ಧ ನಡೆದಿಲ್ಲ, ಯಾರೂ ಯಾರನ್ನೂ ಗೆದ್ದಿಲ್ಲ. ಒಂದು ದುಷ್ಟ ಸರ್ಕಾರ ಅರ್ಧ ಮಾಡಿಬಿಟ್ಟ ಕಾಮಗಾರಿ ಅಷ್ಟೇ. ಅದನ್ನು ಉಳಿಸಿಕೊಳ್ಳೋದು ಸರಿಯಾ? ಅದಕ್ಕಿಂತ ಹಿಂದಿನ ಪ್ರಶ್ನೆ ಒಂದಿದೆ. ಕೆಟ್ಟವನ ಕೈಯಿಂದ ಬಂದ ಒಳ್ಳೆಯ ವಸ್ತುವನ್ನು ಒಳ್ಳೆಯದು ಅನ್ನಬಹುದಾ?

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗೇ ಇದೆ. ಟೀ ಅಂಗಡಿಯಲ್ಲಿ, ಬಸ್ಸಲ್ಲಿ, ಆಫೀಸಿನ ಕ್ಯಾಂಟೀನಲ್ಲಿ, ಫ್ಯಾಮಿಲಿ ವಾಟ್ಸಾಪ್ ಗುಂಪಲ್ಲಿ ನೀವೂ ಕೇಳಿರ್ತೀರಿ: “ಏನೇ ಅನ್ನಿ ಸ್ವಾಮಿ, ಹಿಟ್ಲರ್ ರಸ್ತೆ ಮಾಡಿದ. ನಮಗೂ ಅಂಥವನೊಬ್ಬ ಬೇಕು.” ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಸೊಂಟ ಮುರ್ಕೊಳ್ಳೋ ಜನ ಈ ಮಾತು ಆಡಿದರೆ ನನಗೆ ಸಿಟ್ಟು ಬರೋದಿಲ್ಲ. ಅವರ ನೋವು ನಿಜ. ಜರ್ಮನಿಯಲ್ಲೇ ಈ ಮಾತು ಸತ್ತಿಲ್ಲ. 2007ರಲ್ಲಿ ಹೆಸರಾಂತ ಟಿವಿ ನಿರೂಪಕಿಯೊಬ್ಬರು ನೇರ ಚರ್ಚೆಯಂಥ ಕಾರ್ಯಕ್ರಮದಲ್ಲಿ, ಆ ಕಾಲದಲ್ಲಿ ಆಟೋಬಾನ್‌ಗಳನ್ನೂ ಕಟ್ಟಿದರು, ನಾವು ಇವತ್ತೂ ಅವುಗಳ ಮೇಲೇ ಓಡಾಡ್ತೀವಿ ಅನ್ನೋ ಅರ್ಥದ ಮಾತಾಡಿ, ಕೊನೆಗೆ ಕಾರ್ಯಕ್ರಮದಿಂದ ಎದ್ದು ಹೋಗಬೇಕಾಯಿತು.

ಹಾಗಾಗಿ ಮೊದಲು ಆ ಮಾತಿನಲ್ಲಿ ಎಷ್ಟು ನಿಜ ಇದೆ ಅಂತ ನೋಡೋಣ.

ಆಟೋಬಾನ್ ಹಿಟ್ಲರನ ಯೋಚನೆ ಅಲ್ಲ. ಹ್ಯಾಂಬರ್ಗ್‌ನಿಂದ ಫ್ರಾಂಕ್‌ಫರ್ಟ್ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ತನಕ ಕಾರಿಗೆ ಮಾತ್ರ ಮೀಸಲಾದ ರಸ್ತೆ ಆಗಬೇಕು ಅಂತ 1926ರಲ್ಲೇ ಒಂದು ಸಂಘ ಹುಟ್ಟಿ ನಕ್ಷೆ ಬರೆಯುತ್ತಿತ್ತು. ಆ ದಿನಗಳಲ್ಲಿ ಇದನ್ನು ಶ್ರೀಮಂತರ ಶೋಕಿ ಅಂತ ವಿರೋಧ ಮಾಡಿದವರಲ್ಲಿ ನಾಜಿಗಳೂ ಇದ್ದರು. ಕಲೋನ್ ಮತ್ತು ಬಾನ್ ನಡುವಿನ ರಸ್ತೆ ಉದ್ಘಾಟನೆ ಆಗಿದ್ದು 1932ರ ಆಗಸ್ಟಿನಲ್ಲಿ, ಆಗ ಕಲೋನ್ ಮೇಯರ್ ಆಗಿದ್ದ ಕೊನ್ರಾಡ್ ಅಡೆನಾವರ್ ಅವರ ಕೈಯಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದು 1933ರ ಜನವರಿಯಲ್ಲಿ. ಬಂದ ಮೇಲೆ ಮಾಡಿದ್ದೇನು ಅಂದರೆ ಸಂಘದ ನಕ್ಷೆಗಳನ್ನು ತಗೊಂಡು, ಅದೇ ವರ್ಷ ಸೆಪ್ಟೆಂಬರ್ 23ರಂದು ಫ್ರಾಂಕ್‌ಫರ್ಟಿನಲ್ಲಿ ಕೈಯಲ್ಲಿ ಸಲಿಕೆ ಹಿಡಿದು ಕ್ಯಾಮರಾ ಮುಂದೆ ನಿಂತಿದ್ದು. ಬೇರೆಯವರು ಶುರುಮಾಡಿದ ಕಾಮಗಾರಿಗೆ ತಮ್ಮ ಹೆಸರಿನ ಕಲ್ಲು ನೆಡೋದು ನಮಗೇನೂ ಹೊಸದಲ್ಲ ಬಿಡಿ.

ನಿರುದ್ಯೋಗ ಹೋಗಲಾಡಿಸಿದ ಅಂತಾರೆ. 1933ರ ಶುರುವಿನಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ಜನ ಕೆಲಸ ಇಲ್ಲದೆ ಕೂತಿದ್ದರು. ಆಟೋಬಾನ್ ಕೆಲಸ ಭರದಿಂದ ಸಾಗಿದ್ದ 1936ರಲ್ಲೂ ಅಲ್ಲಿ ನೇರವಾಗಿ ದುಡಿಯುತ್ತಿದ್ದವರು ಸುಮಾರು ಒಂದೂಕಾಲು ಲಕ್ಷ ಮಂದಿ. ಉಳಿದವರಿಗೆ ಕೆಲಸ ಸಿಕ್ಕಿದ್ದು ಸುಧಾರಿಸುತ್ತಿದ್ದ ಆರ್ಥಿಕತೆಯಿಂದ, ಆಮೇಲೆ ಶಸ್ತ್ರಾಸ್ತ್ರ ಕಾರ್ಖಾನೆಗಳಿಂದ, 1935ರಲ್ಲಿ ಮತ್ತೆ ಬಂದ ಕಡ್ಡಾಯ ಸೈನಿಕ ಸೇವೆಯಿಂದ. ರಸ್ತೆಗೆ ಹಾಕಿದ ದುಡ್ಡಿನಲ್ಲೂ ದೊಡ್ಡ ಪಾಲು ನಿರುದ್ಯೋಗ ವಿಮೆಯ ನಿಧಿಯದು. ಅಂದರೆ ಕೆಲಸ ಕಳಕೊಂಡವರಿಗೆ ಅಂತ ಕೆಲಸಗಾರರೇ ಕೂಡಿಟ್ಟ ಹಣ.

ಜನರಿಗಾಗಿ ಕಟ್ಟಿದ ಅಂತಾರೆ. ಆ ರಸ್ತೆ ಮೇಲೆ ಓಡಿಸೋಕೆ ಬಹುಪಾಲು ಜನರ ಹತ್ತಿರ ಕಾರೇ ಇರಲಿಲ್ಲ. ವಾರಕ್ಕೆ ಐದು ಮಾರ್ಕ್‌ನ ಚೀಟಿ ಅಂಟಿಸುತ್ತಾ ಹೋಗಿ, ಕೊನೆಗೆ ಕಾರು ಸಿಗುತ್ತೆ ಅಂದರು. ಮೂರು ಲಕ್ಷಕ್ಕೂ ಹೆಚ್ಚು ಜನ ನಂಬಿ ಕಟ್ಟಿದರು. ಯುದ್ಧ ಬಂತು, ಕಾರ್ಖಾನೆ ಸೈನ್ಯಕ್ಕೆ ಜೀಪಿನಂಥ ಗಾಡಿ ಮಾಡಿತು, ಚೀಟಿ ಕಟ್ಟಿದ ಒಬ್ಬರಿಗೂ ಆ ಯೋಜನೆಯಲ್ಲಿ ಕಾರು ಬರಲಿಲ್ಲ. ಊರಲ್ಲಿ ಚೀಟಿ ಎತ್ಕೊಂಡು ಓಡಿಹೋದವರ ಕಥೆ ಗೊತ್ತಿರೋರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹೋಗಲಿ, ಸೈನ್ಯಕ್ಕಾದರೂ ಉಪಯೋಗ ಆಯ್ತಾ? ಯುದ್ಧದ ಭಾರ ಹೊತ್ತಿದ್ದು ಮುಖ್ಯವಾಗಿ ರೈಲು. 1941-42ರ ಹೊತ್ತಿಗೆ ಆಟೋಬಾನ್ ಕೆಲಸ ಹೆಚ್ಚುಕಮ್ಮಿ ಪೂರ್ತಿ ನಿಂತಿತು. ಆಗ ಮುಗಿದಿದ್ದು ಸುಮಾರು 3,800 ಕಿಲೋಮೀಟರ್. ಪೆಟ್ರೋಲ್ ಇಲ್ಲದೆ ರಸ್ತೆ ಖಾಲಿ ಹೊಡೆಯುತ್ತಿದ್ದ ಕಾರಣ 1943ರಲ್ಲಿ ಸೈಕಲ್ಲಿನವರಿಗೆ ಅದರ ಮೇಲೆ ಹೋಗೋಕೆ ಅನುಮತಿ ಕೊಟ್ಟರು. ಜಗತ್ತಿನ ಅತಿ ವೇಗದ ರಸ್ತೆ ಅಂತ ಮೆರೆಸಿದ್ದರಲ್ಲಿ ಕೊನೆಗೆ ಸೈಕಲ್!

ಇಷ್ಟು ಹೇಳಿದ ಮೇಲೆ ವಾದ ಗೆದ್ದ ಹಾಗಾಯ್ತು ಅಂತ ಅನಿಸಬಹುದು. ನನಗೆ ಹಾಗನಿಸೋದಿಲ್ಲ. ಯಾಕಂದರೆ ನಾಳೆ ಯಾರಾದರೂ ಹೊಸ ಅಂಕಿಅಂಶ ತಂದು, “ಇಲ್ಲ ಮಾರಾಯ, ಆಟೋಬಾನ್‌ನಿಂದಲೇ 60 ಲಕ್ಷ ಜನಕ್ಕೂ ಕೆಲಸ ಸಿಕ್ತು” ಅಂತ ಸಾಬೀತು ಮಾಡಿದರು ಅಂತಿಟ್ಟುಕೊಳ್ಳಿ. ಆಗ ಏನಂತೀರಿ? ಹಿಟ್ಲರ್ ಸ್ವಲ್ಪ ಒಳ್ಳೆಯವನು ಅಂತೀರಾ? ನಮ್ಮ ಉತ್ತರ ಅಂಕಿಅಂಶದ ಮೇಲೆ ಮಾತ್ರ ನಿಂತಿದ್ದರೆ, ಅಂಕಿ ಬದಲಾದ ದಿನ ಉತ್ತರಾನೂ ಬದಲಾಗಬೇಕಾಗುತ್ತೆ. ಹಾಗಾಗಿ ಅಂಕಿಯ ಆಚೆಗೂ ಒಂದು ಕಾರಣ ಬೇಕು.

“ಏನೇ ಅನ್ನಿ, ರಸ್ತೆ ಮಾಡಿದ” ಅನ್ನೋರ ತಲೆಯಲ್ಲಿ ಒಂದು ಜಮಾಖರ್ಚಿನ ಪುಸ್ತಕ ಇರುತ್ತೆ. ಎಡಗಡೆ ಒಳ್ಳೇದು, ಬಲಗಡೆ ಕೆಟ್ಟದ್ದು, ಕೊನೆಗೆ ಕೂಡಿ ಕಳೆಯೋದು. ಎಲ್ಲರ ಮನೆ ದೋಸೆಯೂ ತೂತೇ ಅನ್ನೋ ಗಾದೆಯನ್ನೂ ಜೊತೆಗೆ ಸೇರಿಸಿದರೆ ಪುಸ್ತಕ ಇನ್ನೂ ಗಟ್ಟಿ ಆಗುತ್ತೆ. ಈ ಲೆಕ್ಕ ಒಪ್ಪಬೇಕು ಅಂದರೆ ಎರಡು ಕಲಮುಗಳೂ ಬೇರೆ ಬೇರೆ ಇರಬೇಕು. ಒಂದರ ದುಡ್ಡು ಇನ್ನೊಂದರಿಂದ ಕದ್ದಿದ್ದಾಗಿರಬಾರದು.

ಇದಕ್ಕೆ ನಮ್ಮಲ್ಲೇ ಇನ್ನೊಂದು ಗಾದೆ ಇದೆ: ಆಕಳನ್ನ ಕೊಂದು ಚಪ್ಪಲಿ ದಾನ ಮಾಡಿದ ಹಾಗೆ. ಈ ಗಾದೆಯನ್ನು ನಾವು ಸಾಮಾನ್ಯವಾಗಿ ‘ದೊಡ್ಡ ಪಾಪ ಮಾಡಿ ಚಿಕ್ಕ ಪುಣ್ಯ ಮಾಡೋದು’ ಅಂತ ಅರ್ಥ ಮಾಡ್ಕೋತೀವಿ. ಸ್ವಲ್ಪ ನಿಧಾನವಾಗಿ ನೋಡಿ. ಆ ಚಪ್ಪಲಿ ಬಂದಿದ್ದು ಎಲ್ಲಿಂದ? ಅದೇ ಆಕಳಿನ ಚರ್ಮದಿಂದ. ಕೊಂದಿದ್ದು ಒಂದು ಕೆಲಸ, ದಾನ ಇನ್ನೊಂದು ಕೆಲಸ ಅಂತ ಇಲ್ಲಿ ಎರಡು ಇಲ್ಲವೇ ಇಲ್ಲ. ದಾನವನ್ನು ಹೊಲಿದಿರೋದೇ ಕೊಲೆಯಿಂದ.

ಆಟೋಬಾನ್ ಕೂಡ ಹಾಗೇ. 1933ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳನ್ನು ಮುಚ್ಚಿಸಿದರು, ನಾಯಕರನ್ನು ಹಿಡಿದು ಒಳಗೆ ಹಾಕಿದರು. ಜೂನ್ ತಿಂಗಳಲ್ಲಿ ಆಟೋಬಾನ್ ಕಾನೂನು ಬಂತು. ಕಡಿಮೆ ಕೂಲಿಗೆ ಮನೆಬಿಟ್ಟು ಬ್ಯಾರಕ್‌ಗಳಲ್ಲಿ ಇದ್ದುಕೊಂಡು ಸಲಿಕೆ ಹಿಡಿಯೋದು, ಬರಲ್ಲ ಅಂದರೆ ನಿರುದ್ಯೋಗ ಭತ್ಯೆ ಕಳಕೊಳ್ಳುವ ಭಯ. ಕೂಲಿ ಜಾಸ್ತಿ ಕೇಳೋಕೆ ಸಂಘ ಇಲ್ಲ. ‘ಎಷ್ಟು ಬೇಗ ಕಟ್ಟಿದರು ನೋಡಿ’ ಅಂತ ನಾವು ಬೆರಗಾಗೋ ವೇಗದಲ್ಲಿ ಒಂದು ಪಾಲು ಆ ಬಾಯಿ ಮುಚ್ಚಿಸಿದ್ದರಿಂದಲೇ ಬಂದಿದ್ದು. ಜಮೀನು ಹೋದವನು ಎದ್ದು ನಿಂತು ಮಾತಾಡೋ ಹಾಗಿಲ್ಲ, ಪತ್ರಿಕೆ ಖರ್ಚು ಕೇಳೋ ಹಾಗಿಲ್ಲ. ಯುದ್ಧ ಬಂದ ಮೇಲೆ ಪೂರ್ವದ ಕಡೆಯ ಆಟೋಬಾನ್ ಕ್ಯಾಂಪುಗಳಲ್ಲಿ ಯಹೂದಿಗಳನ್ನೂ ಯುದ್ಧಕೈದಿಗಳನ್ನೂ ಬಲವಂತವಾಗಿ ದುಡಿಸಿದರು. ವಿರೋಧ ಇಲ್ಲದ ಕಡೆ ಕೆಲಸ ಬೇಗ ಆಗೋದು ನಿಜ. ಆ ಬೇಗಕ್ಕೆ ಬೆಲೆ ಯಾರು ಕೊಟ್ಟರು ಅಂತ ಕೇಳೋಕೆ ಯಾರೂ ಉಳಿದಿರೋದಿಲ್ಲ ಅಷ್ಟೇ. ಅದಕ್ಕೇ ‘ರಸ್ತೆ ಒಳ್ಳೇದು, ಹಿಂಸೆ ಕೆಟ್ಟದ್ದು’ ಅಂತ ಎರಡು ಕಲಂ ಮಾಡೋಕೆ ಬರಲ್ಲ.

ಹಾಗಾದರೆ ಆ ಸೇತುವೆ ಕಟ್ಟಿದವರೆಲ್ಲ ಪಾಪಿಗಳಾ? ಈ ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತೆ, ಯಾಕಂದರೆ ನಾನೂ ಬಿ.ಇ. ಓದಿ ಇನ್ನೊಬ್ಬರು ಹೇಳಿದ್ದನ್ನು ಕಟ್ಟಿಕೊಟ್ಟು ಸಂಬಳ ತಗೊಳ್ಳೋ ಮನುಷ್ಯ.

ಮಾರ್ಗ 46ರ ಕೆಲಸವನ್ನು ಕಳಪೆ ಅನ್ನೋಕೆ ಆಗಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷ ಮಳೆ, ಹಿಮ, ಬೇರು ಎಲ್ಲ ತಡೆದುಕೊಂಡು ಸೇತುವೆಗಳು ನಿಂತಿವೆ. ಆ ಕಾಲದ ಆಟೋಬಾನ್‌ಗಳಿಗೆ ಆಲ್ವಿನ್ ಸೈಫರ್ಟ್ ಎಂಬ ಭೂದೃಶ್ಯ ತಜ್ಞನ ಮಾರ್ಗದರ್ಶನ ಇತ್ತು. ರಸ್ತೆ ಸ್ಕೇಲ್ ಇಟ್ಟು ಗೀಟೆಳೆದ ಹಾಗೆ ಇರಬಾರದು, ಗುಡ್ಡದ ಮೈಗೆ ಒಪ್ಪುವ ಹಾಗೆ ಬಳುಕಬೇಕು, ಪಕ್ಕದಲ್ಲಿ ಆ ನೆಲದ್ದೇ ಗಿಡಮರ ಇರಬೇಕು ಅನ್ನೋದು ಆತನ ಹಟ. ಇವತ್ತು ನಾವು ಯಾವ ಇಂಜಿನಿಯರಿಂದ ಇಷ್ಟು ಸೂಕ್ಷ್ಮ ನಿರೀಕ್ಷೆ ಮಾಡ್ತೀವಿ ಹೇಳಿ? ಮರದ ಬಗ್ಗೆ ಅಷ್ಟು ಮೃದು ಮನಸ್ಸು ಇದ್ದ ವ್ಯವಸ್ಥೆಗೆ ಮನುಷ್ಯರ ಬಗ್ಗೆ ಎಂಥ ಮನಸ್ಸಿತ್ತು ಅಂತ ಜಗತ್ತಿಗೇ ಗೊತ್ತು. ಸೌಂದರ್ಯಪ್ರಜ್ಞೆ ಇದ್ದಲ್ಲಿ ಕರುಣೆಯೂ ಇರುತ್ತೆ ಅಂತ ನಂಬಿದವರಿಗೆ ಈ ರಸ್ತೆ ಒಂದು ಪಾಠ.

ಇಡೀ ಯೋಜನೆಯ ಮುಖ್ಯಸ್ಥ ಫ್ರಿಟ್ಸ್ ಟೋಟ್. ಸಿವಿಲ್ ಇಂಜಿನಿಯರ್, ಡಾಕ್ಟರೇಟ್ ಮಾಡಿದ್ದು ರಸ್ತೆಯ ಡಾಂಬರು ಮೇಲ್ಮೈಯಲ್ಲಿ ಬರುವ ದೋಷಗಳ ಬಗ್ಗೆ. ಸಮರ್ಥ, ಕೆಲಸದಲ್ಲಿ ಮುಳುಗಿದ ಮನುಷ್ಯ. 1938ರಲ್ಲಿ ಪಶ್ಚಿಮ ಗಡಿಯ ಕೋಟೆಸಾಲು ಕಟ್ಟೋ ಹೊಣೆ ಇವನಿಗೇ ಬಂತು, 1940ರಲ್ಲಿ ಶಸ್ತ್ರಾಸ್ತ್ರ ಮಂತ್ರಿ ಆದ. 1941ರ ನವೆಂಬರಿನಲ್ಲಿ ಈ ಯುದ್ಧವನ್ನು ಸೈನ್ಯದ ಬಲದಿಂದ ಇನ್ನು ಗೆಲ್ಲೋಕಾಗಲ್ಲ ಅಂತ ಹಿಟ್ಲರನ ಮುಖಕ್ಕೇ ಹೇಳಿದ ಧೈರ್ಯವಂತ ಕೂಡ ಇವನೇ. ಕೆಲವು ವಾರಗಳಾದ ಮೇಲೆ, 1942ರ ಫೆಬ್ರವರಿ 8ರಂದು ವಿಮಾನ ಅಪಘಾತದಲ್ಲಿ ಸತ್ತ.

ಅವನ ಆ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಉಕ್ಕು ಎಷ್ಟಿದೆ, ಎಣ್ಣೆ ಎಷ್ಟಿದೆ, ಎದುರಿನವರ ಕಾರ್ಖಾನೆ ಎಷ್ಟು ಅಂತ ಲೆಕ್ಕ ಹಾಕಿ ‘ಆಗಲ್ಲ’ ಅಂದ. ‘ತಪ್ಪು’ ಅನ್ನಲಿಲ್ಲ. ಇಂಜಿನಿಯರನಿಗೆ ‘ಆಗುತ್ತಾ, ಆಗಲ್ವಾ’ ಅನ್ನೋದು ಕಾಣುತ್ತೆ. ‘ಮಾಡಬಹುದಾ, ಮಾಡಬಾರದಾ’ ಅನ್ನೋದು ಬೇರೆ ಯಾರದೋ ಡಿಪಾರ್ಟ್‌ಮೆಂಟ್ ಅಂತ ಅನಿಸಿಬಿಡುತ್ತೆ.

ನಮ್ಮ ಕಡೆಯೂ ಇದೇ ಅಭ್ಯಾಸ. ಕೋಡ್ ರಿವ್ಯೂನಲ್ಲಿ ಏನೆಲ್ಲ ಕೇಳ್ತೀವಿ? ಟೆಸ್ಟ್ ಪಾಸ್ ಆಯ್ತಾ, ಲೋಡ್ ತಡೆಯುತ್ತಾ, ನಾಳೆ ಇನ್ನೊಬ್ಬ ಬಂದು ಓದಿದರೆ ಅರ್ಥ ಆಗುತ್ತಾ. ಇದರಿಂದ ಯಾರಿಗೆ ಏನಾಗುತ್ತೆ ಅನ್ನೋದಕ್ಕೆ ಟಿಕೆಟ್‌ನಲ್ಲಿ ಕಾಲಂ ಇರಲ್ಲ. ಮಳೆಯಲ್ಲಿ ಹತ್ತು ನಿಮಿಷ ತಡವಾಗಿ ಊಟ ತಲುಪಿಸಿದ ಹುಡುಗನ ದುಡ್ಡು ಕತ್ತರಿಸೋ ಲೆಕ್ಕವನ್ನೂ ಎಲ್ಲೋ ಯಾರೋ ಅಚ್ಚುಕಟ್ಟಾಗಿ ಬರೆದು, ಟೆಸ್ಟ್ ಮಾಡಿ, ಬೆನ್ನು ತಟ್ಟಿಸಿಕೊಂಡಿರುತ್ತಾರೆ. ಹಿಟ್ಲರನ ಜೊತೆ ನಮ್ಮನ್ನು ಹೋಲಿಸ್ತಾ ಇಲ್ಲ. ಅಭ್ಯಾಸದ ಮಾತು ಹೇಳ್ತಿದೀನಿ. ಕನ್ನಡದಲ್ಲಿ ‘ಕೆಲಸವನ್ನು ಚೆನ್ನಾಗಿ ಮಾಡೋದು’ ಮತ್ತು ‘ಒಳ್ಳೆಯ ಕೆಲಸ ಮಾಡೋದು’ ಅಂತ ಎರಡು ಬೇರೆ ಮಾತುಗಳಿವೆ. ಮೊದಲನೆಯದು ಬಂದರೆ ಎರಡನೆಯದೂ ಬಂತು ಅಂತ ನಾವು ನೆಮ್ಮದಿಯಾಗಿ ಮಲಗ್ತೀವಿ. ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟಿದ್ದು ಸುಮ್ಮನೆ ಅಲ್ಲ ಅನಿಸುತ್ತೆ. ದುಡಿದಿದ್ದು ಯಾರ ಪಾಲಿಗೆ ಹೋಗುತ್ತೆ ಅಂತ ನೋಡದ ಕಾಯಕ ಅರ್ಧ ಕಾಯಕ.

ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕೋಕೂ ಆಗಲ್ಲ. ಸ್ಪೆಸ್ಸಾರ್ಟ್ ಕಾಡಿನಲ್ಲಿ ಕಲ್ಲು ಕೂರಿಸಿದ ಗಾರೆಯವನಿಗೆ ಎಷ್ಟು ಕಾಣುತ್ತಿತ್ತು? ಅವನ ಎದುರಿಗಿದ್ದದ್ದು ಒಂದು ಹಳ್ಳ, ಒಂದು ಕಮಾನು, ಮನೆಯಲ್ಲಿ ಉಣ್ಣೋ ಮಕ್ಕಳು. ಇಲ್ಲ ಅನ್ನೋಕೆ ಅವನಿಗಿದ್ದ ಜಾಗ ಬಹಳ ಕಡಿಮೆ. ಟೋಟ್‌ಗೆ ಇಡೀ ನಕ್ಷೆ ಕಾಣುತ್ತಿತ್ತು. ಇಲ್ಲ ಅನ್ನೋ ಅವಕಾಶವೂ ಇತ್ತು. ಎಷ್ಟು ಕಾಣುತ್ತೆ, ಎಷ್ಟು ಬಿಡೋಕಾಗುತ್ತೆ, ಅಷ್ಟು ಹೊಣೆ. ಈ ಅಳತೆ ನ್ಯಾಯ ಅಂತ ನನಗನಿಸುತ್ತೆ. ಅದನ್ನು ಒಪ್ಪಿದರೆ ನನ್ನಂಥವರಿಗೆ ತಪ್ಪಿಸಿಕೊಳ್ಳೋ ದಾರಿ ಕಮ್ಮಿ ಆಗುತ್ತೆ. ಓದು ಇದೆ, ಇಂಟರ್‌ನೆಟ್ ಇದೆ, ಬೇರೆ ಕೆಲಸ ಹುಡುಕೋ ಶಕ್ತಿ ಇದೆ. ಗಾರೆಯವನಿಗಿಂತ ನಮಗೆ ಜಾಸ್ತಿ ಕಾಣುತ್ತೆ.

ಈಗ ಸ್ಮಾರಕದ ಪ್ರಶ್ನೆಗೆ ಬರೋಣ. ಕೆಡವೋದು ಒಳ್ಳೇದಲ್ವಾ? ಉಳಿಸಿದರೆ ನಾಳೆ ಯಾರೋ ಬಂದು ಹೂ ಇಟ್ಟು ಕೈಮುಗಿದರೆ? ಈ ಭಯ ಸುಳ್ಳಲ್ಲ. ಆದರೆ ಕೈಮುಗಿಯೋಕೆ ಅರ್ಧ ಕಟ್ಟಿದ ಮೋರಿಗಿಂತ ಲಾರಿ ಓಡೋ ನುಣುಪು ರಸ್ತೆಯೇ ಹೆಚ್ಚು ಅನುಕೂಲ. ಆ ಕಾಲದ ಎಷ್ಟೋ ಆಟೋಬಾನ್‌ಗಳು ಇವತ್ತೂ ಬಳಕೆಯಲ್ಲಿವೆ. ಅಗಲ ಮಾಡಿದ್ದಾರೆ, ಹೊಸದಾಗಿ ಹಾಸಿದ್ದಾರೆ, ನೀಲಿ ಬೋರ್ಡ್ ಹಾಕಿದ್ದಾರೆ. ಅದರ ಮೇಲೆ ಹೋಗೋರಿಗೆ ಏನೂ ನೆನಪಾಗಲ್ಲ, ಆಗಬೇಕಾಗಿಯೂ ಇಲ್ಲ. ಬಳಸೋದರಲ್ಲಿ ತಪ್ಪಿಲ್ಲ. ಬಳಸೋದು ಬೇರೆ, ಋಣ ಹೊರೋದು ಬೇರೆ. ಋಣ ಇದ್ದರೆ ಅದು ಸಲಿಕೆ ಹಿಡಿದವರದು, ವಿಮೆಗೆ ದುಡ್ಡು ಕಟ್ಟಿದವರದು. ಸಲಿಕೆ ಹಿಡಿದು ಫೋಟೋ ತೆಗೆಸಿಕೊಂಡವನದಲ್ಲ.

ಬಳಕೆ ಅನ್ನೋದು ವಸ್ತುವಿನ ಹಿಂದಿನ ಕಥೆಯನ್ನು ತೊಳೆದುಬಿಡುತ್ತೆ. ಉಪಯೋಗಕ್ಕೆ ಬರೋ ರಸ್ತೆಯನ್ನು ‘ಯಾಕೆ ಕಟ್ಟಿದರು’ ಅಂತ ಯಾರೂ ಕೇಳಲ್ಲ, ಯಾಕಂದರೆ ಉತ್ತರ ಕಣ್ಣ ಮುಂದೇ ಇದೆ: ನಾನು ಹೋಗೋಕೆ. ಉಪಯೋಗಕ್ಕೆ ಬಾರದ ರಸ್ತೆ ಮಾತ್ರ ಆ ಪ್ರಶ್ನೆಯನ್ನು ಬಾಯಿಗೆ ತರಿಸುತ್ತೆ. ಕಾಡಿನ ನಡುವೆ ನಡೀತಾ ಹೋಗುವಾಗ ದಿಢೀರನೆ ಇಷ್ಟು ದೊಡ್ಡ ಸೇತುವೆ ಎದುರಾದರೆ, ಏನೂ ಗೊತ್ತಿಲ್ಲದ ಮಗೂನೂ ಕೇಳುತ್ತೆ, ಇದು ಯಾಕಿಲ್ಲಿದೆ, ಯಾಕೆ ಅರ್ಧಕ್ಕೆ ಬಿಟ್ಟರು? ಉತ್ತರ ಹೇಳೋಕೆ ಹೊರಟರೆ ಯುದ್ಧದ ಮಾತು ಬರಲೇಬೇಕು. ರಸ್ತೆಗೆ ಬೇಕಿದ್ದ ಕೈಗಳನ್ನೂ ಸಿಮೆಂಟನ್ನೂ ಮೊದಲು ಕೋಟೆ, ಆಮೇಲೆ ಯುದ್ಧ ತಿಂದುಹಾಕಿತು ಅಂತ ಹೇಳಲೇಬೇಕು. ‘ಹಿಟ್ಲರ್ ರಸ್ತೆ ಮಾಡಿದ’ ಅನ್ನೋ ಮಾತಿಗೆ ಅವನೇ ಅರ್ಧಕ್ಕೆ ಬಿಟ್ಟ 70 ಕಿಲೋಮೀಟರಿಗಿಂತ ಒಳ್ಳೆಯ ಉತ್ತರ ಬೇರೆ ಬೇಕಾ?

ಅದಕ್ಕೇ ಉಳಿಸಿಕೊಂಡಿದ್ದು ಸರಿ ಅಂತ ನನಗನಿಸುತ್ತೆ, ಒಂದು ಷರತ್ತಿನ ಮೇಲೆ. ಅದನ್ನು ಅಲಂಕಾರ ಮಾಡಬಾರದು, ಪೂರ್ತಿ ಮಾಡಬಾರದು, ಕಥೆ ಹೇಳೋ ಬೋರ್ಡ್ ಇಲ್ಲದೆ ಬಿಡಲೂಬಾರದು. ಅದು ಈಗಿರೋ ಹಾಗೆ, ಮೇಲೆ ಮರ, ಕೆಳಗೆ ನೀರು, ನಡುವೆ ಯಾರಿಗೂ ಬೇಡವಾದ ಕಮಾನು, ಹಾಗೇ ಸುಮ್ಮನೆ ನಿಂತಿರಲಿ. ಮತ್ತೆ ನಮ್ಮ ಕಡೆ ಯಾರಾದರೂ “ಬೇಗ ಕೆಲಸ ಆಗಬೇಕು ಅಂದ್ರೆ ಹಿಟ್ಲರ್ ಥರ ಒಬ್ಬ ಬೇಕು” ಅಂದಾಗ ಜಗಳಕ್ಕೆ ಹೋಗೋದೇನೂ ಬೇಡ. ಟೀ ಮುಗಿಯೋ ಹೊತ್ತಿಗೆ ಆ ರಸ್ತೆಯಲ್ಲಿ ಕೊನೆಗೆ ಯಾರು ಓಡಾಡಿದರು ಅಂತ ಕೇಳಿ, ಕಥೆ ಹೇಳಿ.